ಬಿಎಸ್ಸಿ ವಿದ್ಯಾರ್ಥಿಗಳಿಗೆ ಬೇಸಿಗೆ ಇಕಾಲಜಿ ಸಂಶೋಧನೆ: ಹುಡುಕಾಟದಿಂದ ವರದಿಯವರೆಗೆ ಸಮಗ್ರ ಮಾರ್ಗದರ್ಶಿ

"ರಜೆಗೆ ಎಲ್ಲಾದರೂ ಇಂಟರ್ನ್‌ಶಿಪ್ ಸಿಗುತ್ತಾ?" ಎಂಬ ಪ್ರಶ್ನೆ ಪ್ರತಿ ವರ್ಷ ಏಪ್ರಿಲ್‌ನಲ್ಲೇ ಬರುತ್ತದೆ. ಅಷ್ಟೊತ್ತಿಗೆ ಒಳ್ಳೆಯ ಜಾಗಗಳು ತುಂಬಿಹೋಗಿರುತ್ತವೆ. ಬೇಸಿಗೆಯ ಕೆಲಸಕ್ಕೆ ಅರ್ಜಿ ಹಾಕುವ ಕಾಲ ದೀಪಾವಳಿಯ ಆಸುಪಾಸು. ತಯಾರಿ ಗಣೇಶನ ಹಬ್ಬಕ್ಕೇ ಶುರುವಾಗಬೇಕು.

ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಪರಿಸರ ವಿಜ್ಞಾನ, ಅರಣ್ಯಶಾಸ್ತ್ರ, ಕೃಷಿ ಓದುವವರಿಗೆ ಈ ಬರಹ. ಗಣಿತ, ಕಂಪ್ಯೂಟರ್ ಓದುವವರೂ ಬರಬಹುದು. ಇಕಾಲಜಿ (ಜೀವಿಗಳಿಗೂ ಅವುಗಳ ಪರಿಸರಕ್ಕೂ ಇರುವ ನಂಟಿನ ಅಧ್ಯಯನ) ಲ್ಯಾಬ್‌ಗಳಲ್ಲಿ ಲೆಕ್ಕ ಮತ್ತು ಕೋಡಿಂಗ್ ಬಲ್ಲವರಿಗೆ ಬೇಡಿಕೆ ಜಾಸ್ತಿ. ಅಂಕಪಟ್ಟಿಯನ್ನು ಎಲ್ಲರೂ ಕಳಿಸುತ್ತಾರೆ. ನೀವೇ ಕೇಳಿದ ಒಂದು ಪ್ರಶ್ನೆ, ಅದಕ್ಕೆ ನೀವೇ ಕೂಡಿಸಿದ ಒಂದಿಷ್ಟು ಡೇಟಾ ಕಳಿಸುವವರು ಬಹಳ ಕಡಿಮೆ. ಗುಂಪಿನಲ್ಲಿ ನಿಮ್ಮನ್ನು ಎತ್ತಿ ತೋರಿಸುವುದು ಅದೇ.

1. ಮೊದಲು ಎರಡು ಕ್ಯಾಲೆಂಡರ್ ಪಕ್ಕಪಕ್ಕ ಇಡಿ

ಒಂದು ನಿಮ್ಮ ವಿಶ್ವವಿದ್ಯಾಲಯದ್ದು, ಇನ್ನೊಂದು ಸಂಸ್ಥೆಗಳದ್ದು. ನಮ್ಮ ರಾಜ್ಯದಲ್ಲಿ ಇವೆರಡೂ ಕೂಡಿಬರುವುದು ಕಷ್ಟ. ಹೆಚ್ಚಿನ ಸಂಶೋಧನಾ ಕಾರ್ಯಕ್ರಮಗಳು ಏಪ್ರಿಲ್‌ನಿಂದ ಜುಲೈ ನಡುವಿನ ಎರಡು ತಿಂಗಳನ್ನು ಕೇಳುತ್ತವೆ. ನಮ್ಮ ಸಮ ಸೆಮಿಸ್ಟರ್ ಪರೀಕ್ಷೆಗಳು ಎಷ್ಟೋ ಸಲ ಅದೇ ಹೊತ್ತಿಗೆ ಬಂದು ಕೂರುತ್ತವೆ. ಹಾಗಾಗಿ ಕಳೆದ ಎರಡು ವರ್ಷ ನಿಮ್ಮ ಪರೀಕ್ಷೆ ನಿಜವಾಗಿ ಯಾವಾಗ ನಡೆಯಿತು ಎಂದು ನೋಡಿಕೊಳ್ಳಿ. ಪ್ರಕಟವಾದ ವೇಳಾಪಟ್ಟಿ ನಂಬಬೇಡಿ, ನಡೆದದ್ದನ್ನು ನಂಬಿ.

ದಿನಾಂಕ ಹೊಂದದಿದ್ದರೆ ಅರ್ಜಿಯಲ್ಲೇ ಬರೆಯಿರಿ: "ಮೇ 10ರಿಂದ ಆರು ವಾರ ಇರಬಲ್ಲೆ, ಜೂನ್ ಕೊನೆಗೆ ಪರೀಕ್ಷೆ ಇದೆ." ಬಂದಮೇಲೆ ನಡುವೆ ಹತ್ತು ದಿನ ರಜೆ ಕೇಳುವುದಕ್ಕಿಂತ ಇದು ಎಷ್ಟೋ ಮೇಲು. ಕಾಲೇಜಿನಿಂದ ಒಂದು ಅನುಮತಿ ಪತ್ರವನ್ನೂ ಮೊದಲೇ ಮಾಡಿಸಿಕೊಳ್ಳಿ.

2. ಯಾವ ಬಾಗಿಲು ತಟ್ಟಬೇಕು

ಮೂರು ಬಗೆಯ ಬಾಗಿಲುಗಳಿವೆ.

ಮೊದಲನೆಯದು ರಾಷ್ಟ್ರಮಟ್ಟದ ಫೆಲೋಶಿಪ್. ಇದರಲ್ಲಿ ಎಲ್ಲರೂ ಪ್ರಯತ್ನಿಸಲೇಬೇಕಾದದ್ದು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಸಮ್ಮರ್ ರಿಸರ್ಚ್ ಫೆಲೋಶಿಪ್. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇನ್ಸಾ (ಇಂಡಿಯನ್ ನ್ಯಾಷನಲ್ ಸೈನ್ಸ್ ಅಕಾಡೆಮಿ), ಪ್ರಯಾಗರಾಜ್‌ನ ನಾಸಿ (ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್, ಇಂಡಿಯಾ) ಇದರ ಹಿಂದಿವೆ. ಎರಡು ತಿಂಗಳ ಅವಧಿ. ಶಿಷ್ಯವೇತನ ಇದೆ. ಅರ್ಜಿಯ ಗಡುವು ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ. ಮಾರ್ಗದರ್ಶಕರ ಪಟ್ಟಿಯನ್ನು ಅವರೇ ಕೊಡುತ್ತಾರೆ, ನೀವು ಆರಿಸಬೇಕು. ಇಲ್ಲಿ ತುಂಬ ಜನ ಪ್ರಸಿದ್ಧ ಹೆಸರುಗಳನ್ನೇ ಆರಿಸಿ ಕೈಸುಟ್ಟುಕೊಳ್ಳುತ್ತಾರೆ. ಸಣ್ಣ ಊರಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ನಿಮಗೆ ಕೊಡುವ ಸಮಯ ದೊಡ್ಡ ಲ್ಯಾಬಿನ ಮುಖ್ಯಸ್ಥರು ಕೊಡುವುದಕ್ಕಿಂತ ಜಾಸ್ತಿ ಇರಬಹುದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರಕ್ಕೂ ಇಂಥದ್ದೇ ಬೇಸಿಗೆ ಫೆಲೋಶಿಪ್ ಇದೆ. ವಿಕಾಸ ಮತ್ತು ಪ್ರಾಣಿ ವರ್ತನೆಯಲ್ಲಿ ಆಸಕ್ತಿ ಇದ್ದವರು ನೋಡಬೇಕು.

ಎರಡನೆಯದು ನೇರವಾಗಿ ಲ್ಯಾಬ್‌ಗೆ ಬರೆಯುವುದು. ಈ ವಿಷಯದಲ್ಲಿ ಕರ್ನಾಟಕದವರು ಅದೃಷ್ಟವಂತರು. ಐಐಎಸ್ಸಿಯ ಇಕಾಲಜಿ ವಿಭಾಗ (ಸೆಂಟರ್ ಫಾರ್ ಇಕಾಲಜಿಕಲ್ ಸೈನ್ಸಸ್) 1983ರಿಂದ ಇದೆ. ಅಲ್ಲಿ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಕಾಗದದ ಗೂಡು ಕಟ್ಟುವ ಕಣಜಗಳ ಸಮಾಜವನ್ನು ಓದಿದರು. ಕಟ್ಟಡಗಳ ಸೂರಿನಲ್ಲಿ ನಾವು ಪೊರಕೆಯಿಂದ ಹೊಡೆದು ಬೀಳಿಸುತ್ತೇವಲ್ಲ, ಅಂಥ ಕಣಜಗಳೇ! ರೋಹಿಣಿ ಬಾಲಕೃಷ್ಣನ್ ಅವರ ತಂಡ ಕುದುರೆಮುಖದ ಕಾಡಿನಲ್ಲಿ ಜೀರುಂಡೆಗಳ ಸದ್ದನ್ನು ಅಧ್ಯಯನ ಮಾಡಿದೆ. ಮರಿಯಾ ಥಾಕರ್ ಅವರ ತಂಡ ಬೆಂಗಳೂರಿನ ಒಳಗೂ ಹೊರಗೂ ಬಂಡೆ ಓತಿಕ್ಯಾತಗಳನ್ನು ಹೋಲಿಸಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಇದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಹರಿಣಿ ನಾಗೇಂದ್ರ ಅವರು ಬೆಂಗಳೂರಿನ ಕೆರೆ ಮತ್ತು ಮರಗಳ ಮೇಲೆ ಕೆಲಸ ಮಾಡುತ್ತಾರೆ. ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳು, ಕುವೆಂಪು ವಿಶ್ವವಿದ್ಯಾಲಯದ ವನ್ಯಜೀವಿ ವಿಭಾಗ ಇವೆಲ್ಲ ಕಾಡಿನ ಬಾಗಿಲಲ್ಲೇ ಇವೆ. ಮಲೆನಾಡಿನ ವಿದ್ಯಾರ್ಥಿಗಳು ಇವನ್ನು ಬಿಟ್ಟು ಸುಮ್ನೆ ಬೆಂಗಳೂರಿನ ಕಡೆ ಓಡುವುದು ನನಗೆ ಅರ್ಥವಾಗುವುದಿಲ್ಲ.

ಮೂರನೆಯದು ಸರ್ಕಾರೇತರ ಸಂಶೋಧನಾ ಸಂಸ್ಥೆಗಳು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್, ಬೆಂಗಳೂರಿನ ಏಟ್ರೀ ಎರಡೂ 1996ರಲ್ಲಿ ಶುರುವಾದವು. ಏಟ್ರೀ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಜೊತೆ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ. ಕಡಲು, ಕಡಲಾಮೆ ಇಷ್ಟವಿದ್ದವರಿಗೆ ದಕ್ಷಿಣ್ ಫೌಂಡೇಶನ್ ಇದೆ. ರೊಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರ ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾಗಿದೆ. ರಾಜ್ಯದ ಹೊರಗೆ ಕೊಯಮತ್ತೂರಿನ ಸಲೀಂ ಅಲಿ ಕೇಂದ್ರ, ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ ಇವೆ, ಆದರೆ ಇವು ಸರ್ಕಾರಿ ಸಂಸ್ಥೆಗಳು. ಈ ಸಂಸ್ಥೆಗಳಲ್ಲಿ ಜಾಗ ಖಾಲಿಯಾಗುವುದು ಪ್ರಾಜೆಕ್ಟ್ ಮತ್ತು ಹಣ ಬಂದ ಹಾಗೆ. ಅದಕ್ಕೆ ಒಂದು ಗಡುವು ಅಂತ ಇರುವುದಿಲ್ಲ. ತಿಂಗಳಿಗೊಮ್ಮೆ ಜಾಲತಾಣ ನೋಡುತ್ತಿರಬೇಕು, ಅಷ್ಟೇ.

ಅಮೆರಿಕದಲ್ಲಿ ಓದುತ್ತಿರುವ ಕನ್ನಡದ ಮಕ್ಕಳಿಗೆ ಒಂದು ಮಾತು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಆರ್‌ಇಯು (ಪದವಿ ವಿದ್ಯಾರ್ಥಿಗಳಿಗೆ ಸಂಶೋಧನಾ ಅನುಭವ) ಕಾರ್ಯಕ್ರಮದಲ್ಲಿ ಸುಮಾರು ಹತ್ತು ವಾರದ ಸಂಬಳ ಸಹಿತ ಸಂಶೋಧನೆ ಸಿಗುತ್ತದೆ. ಕೊಲೊರಾಡೋದ ರಾಕಿ ಮೌಂಟನ್ ಜೈವಿಕ ಪ್ರಯೋಗಾಲಯ, ವರ್ಜೀನಿಯಾದ ಮೌಂಟನ್ ಲೇಕ್, ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್ ಫಾರೆಸ್ಟ್ ಇದಕ್ಕೆ ಹೆಸರಾದ ಜಾಗಗಳು. ಆದರೆ ಪ್ರತಿಷ್ಠಾನದ ಹಣ ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಇಲ್ಲಿಂದ ಅರ್ಜಿ ಹಾಕಿ ಸಮಯ ಕಳೆಯಬೇಡಿ.

3. ಅರ್ಜಿಗೆ ಮೊದಲೇ ನಿಮ್ಮದೇ ಒಂದು ಸಣ್ಣ ಅಧ್ಯಯನ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಹುಲಿ ಬೇಡ, ಕಾಡೂ ಬೇಡ. ಕಾಲೇಜಿನ ಕಾಂಪೌಂಡಿನ ಹೊರಗೆ ಎಕ್ಕದ ಗಿಡ ಇರುತ್ತದಲ್ಲ, ಅದು ಸಾಕು.

ಎಕ್ಕ ಹೆಚ್ಚುಕಮ್ಮಿ ವರ್ಷವಿಡೀ ಹೂ ಬಿಡುತ್ತದೆ. ಅದರ ಪರಾಗ ಪುಡಿಯಾಗಿ ಉದುರುವುದಿಲ್ಲ. ಸಣ್ಣ ಗಂಟಿನ ರೂಪದಲ್ಲಿದ್ದು ಕೀಟದ ಕಾಲಿಗೆ ಕ್ಲಿಪ್ಪಿನಂತೆ ಸಿಕ್ಕಿಕೊಳ್ಳುತ್ತದೆ. ಆ ಕೆಲಸ ಮಾಡುವುದು ಮುಖ್ಯವಾಗಿ ಮರ ಕೊರೆಯುವ ದೊಡ್ಡ ಕಪ್ಪು ದುಂಬಿ. ಈಗ ಪ್ರಶ್ನೆ: ಗಿಜಿಗುಡುವ ರಸ್ತೆಯ ಪಕ್ಕದ ಎಕ್ಕಕ್ಕೆ ದುಂಬಿ ಕಡಿಮೆ ಬರುತ್ತವೆಯೇ?

ರಸ್ತೆ ಬದಿಯ 20 ಗಿಡ, ರಸ್ತೆಯಿಂದ ದೂರದ 20 ಗಿಡ ಗುರುತು ಮಾಡಿ. ಬೆಳಿಗ್ಗೆ 7ರಿಂದ 10ರವರೆಗೆ, ಒಂದೊಂದು ಗಿಡದ ಮುಂದೆ 15 ನಿಮಿಷ ನಿಂತು ಎಣಿಸಿ. ನಡೆದಾಡುವ ಹೊತ್ತನ್ನೂ ಸೇರಿಸಿದರೆ ಒಂದು ಬೆಳಿಗ್ಗೆಗೆ ಎಂಟು ಗಿಡ ಆಗುತ್ತದೆ. ಐದು ಬೆಳಿಗ್ಗೆಯಲ್ಲಿ ಎಲ್ಲ 40 ಮುಗಿಯುತ್ತದೆ.

ಕೇಳಲು ಸುಲಭ, ಅಲ್ವಾ? ಕಷ್ಟ ಇರುವುದು ಸೂಕ್ಷ್ಮಗಳಲ್ಲಿ. ರಸ್ತೆ ಬದಿಯ ಗಿಡಗಳನ್ನೆಲ್ಲ ಮೊದಲು ನೋಡಿ, ಬಿಸಿಲೇರಿದ ಮೇಲೆ ಹೊಲದ ಗಿಡಗಳಿಗೆ ಹೋದರೆ ನೀವು ಅಳೆದದ್ದು ರಸ್ತೆಯನ್ನೋ ಹೊತ್ತನ್ನೋ ಹೇಳಲಾಗದು. ಅದಕ್ಕೆ ಒಂದು ಇಲ್ಲಿ, ಒಂದು ಅಲ್ಲಿ ಎಂದು ಬದಲಿಸುತ್ತಾ ನೋಡಬೇಕು. ಹೂ ಜಾಸ್ತಿ ಇರುವ ಗಿಡಕ್ಕೆ ದುಂಬಿಯೂ ಜಾಸ್ತಿ ಬರುತ್ತದೆ. ಹಾಗಾಗಿ ಅರಳಿದ ಹೂಗಳನ್ನು ಪ್ರತಿ ಸಲ ಎಣಿಸಿ ಬರೆಯಬೇಕು. ಮೋಡ, ಗಾಳಿ, ಉಷ್ಣತೆ ಕೂಡ. ಒಂದೇ ಗಿಡವನ್ನು ಹತ್ತು ಸಲ ನೋಡಿದರೆ ಹತ್ತು ಗಿಡ ನೋಡಿದ ಹಾಗಲ್ಲ. ಈ ತಪ್ಪು ಪ್ರಕಟವಾದ ಪ್ರಬಂಧಗಳಲ್ಲೂ ಸಿಗುತ್ತದೆ. ಇನ್ನೊಂದು ಮುಖ್ಯ ಸಂಗತಿ: ದುಂಬಿ ಬಾರದ ಹದಿನೈದು ನಿಮಿಷಕ್ಕೂ ಒಂದು ಸಾಲು ಬೇಕು, ಅಲ್ಲಿ ಸೊನ್ನೆ ಬರೆಯಬೇಕು. ಖಾಲಿ ಬಿಟ್ಟರೆ ಆಮೇಲೆ ನೋಡಲಿಲ್ಲವೋ ಬರಲಿಲ್ಲವೋ ಗೊತ್ತಾಗುವುದಿಲ್ಲ.

ಉತ್ತರ "ವ್ಯತ್ಯಾಸ ಕಾಣಲಿಲ್ಲ" ಎಂದು ಬಂದರೂ ಪರವಾಗಿಲ್ಲ. ಎರಡು ಪುಟದಲ್ಲಿ ಬರೆಯಿರಿ, ಒಂದು ಗ್ರಾಫ್ ಹಾಕಿ. ಯಾಕೆ ಹೀಗೆ ಮಾಡಿದಿರಿ, ಮುಂದಿನ ಸಲ ಏನು ಬದಲಿಸುತ್ತೀರಿ ಎಂದು ಹೇಳಿ. ಸಂದರ್ಶನದಲ್ಲಿ ಮಾತು ಇದರ ಸುತ್ತಲೇ ತಿರುಗುತ್ತದೆ, ಮತ್ತು ಅಲ್ಲಿ ನೀವೇ ತಜ್ಞರು.

ಎಕ್ಕ ಬೇಡವೆಂದರೆ ಹೊಂಗೆ ಎಲೆಯ ಮೇಲಿನ ಗಂಟುಗಳನ್ನು ಎಣಿಸಬಹುದು. ಅವನ್ನು ಮಾಡುವುದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ. ಕಣಜದ ಗೂಡನ್ನು ವಾರಕ್ಕೊಮ್ಮೆ ಫೋಟೋ ತೆಗೆದು ಕೋಶಗಳನ್ನು ಲೆಕ್ಕ ಹಾಕಬಹುದು. ಸಾರ್ವಜನಿಕರೇ ಮರಗಳನ್ನು ಗಮನಿಸುವ ಸೀಸನ್‌ವಾಚ್ ಯೋಜನೆಯಲ್ಲಿ ಒಂದು ಮರವನ್ನು ನೋಂದಾಯಿಸಿ ಪ್ರತಿ ವಾರ ಚಿಗುರು, ಹೂ, ಕಾಯಿ ದಾಖಲಿಸಬಹುದು. ಫೆಬ್ರವರಿಯಲ್ಲಿ ಕ್ಯಾಂಪಸ್ ಬರ್ಡ್ ಕೌಂಟ್ ಬರುತ್ತದೆ, ಕಾಲೇಜಿನ ಹೆಸರಿನಲ್ಲೇ ಸೇರಿ. ಇ-ಬರ್ಡ್ ಜಾಲತಾಣದಲ್ಲಿ ಹಕ್ಕಿ ವೀಕ್ಷಕರು ಹಾಕಿದ ಪಟ್ಟಿಗಳಿಂದಲೇ 2020 ಮತ್ತು 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗಳು ಬಂದವು. ಮನೆ ಬಿಟ್ಟು ಹೋಗಲಾಗದವರು ಈ ಡೇಟಾವನ್ನು ಇಳಿಸಿಕೊಂಡು ತಮ್ಮ ಜಿಲ್ಲೆಯ ಬಗ್ಗೆ ಪ್ರಶ್ನೆ ಕೇಳಬಹುದು. ಲೆಕ್ಕ ಮತ್ತು ಗ್ರಾಫ್‌ಗೆ ಬಳಸುವ ಆರ್, ನಕ್ಷೆಗೆ ಬಳಸುವ ಕ್ಯೂಜಿಐಎಸ್ ಎರಡೂ ಉಚಿತ ಸಾಫ್ಟ್‌ವೇರ್. ಆರ್‌ನಲ್ಲಿ ಒಂದು ಫೈಲ್ ತೆರೆದು ಗ್ರಾಫ್ ಬರೆಯುವಷ್ಟು ಕಲಿತರೂ ಅರ್ಜಿಗೆ ತೂಕ ಬರುತ್ತದೆ.

4. ಇಮೇಲ್

"ರೆಸ್ಪೆಕ್ಟೆಡ್ ಸರ್, ನಿಮ್ಮ ಗೌರವಾನ್ವಿತ ಸಂಸ್ಥೆಯಲ್ಲಿ..." ಎಂದು ಶುರುವಾಗುವ, ಐವತ್ತು ಜನರಿಗೆ ಒಟ್ಟಿಗೆ ಹೋದ ಪತ್ರವನ್ನು ಯಾರೂ ಪೂರ್ತಿ ಓದುವುದಿಲ್ಲ. ನಾಲ್ಕು ಚಿಕ್ಕ ಪ್ಯಾರಾ ಸಾಕು.

ಮೊದಲ ಪ್ಯಾರಾದಲ್ಲಿ ನೀವು ಯಾರು, ಎಲ್ಲಿ ಏನು ಓದುತ್ತಿದ್ದೀರಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಬಿಡುವು. ಎರಡನೆಯದರಲ್ಲಿ ಅವರ ಒಂದು ಪ್ರಬಂಧ ಓದಿ ನಿಮಗೆ ಹುಟ್ಟಿದ ಒಂದು ಪ್ರಶ್ನೆ. ಹೊಗಳಿಕೆ ಬೇಡ, ಪ್ರಶ್ನೆ ಬೇಕು. ಮೂರನೆಯದರಲ್ಲಿ ನಿಮ್ಮ ಎಕ್ಕದ ಕೆಲಸ, ಎರಡೇ ವಾಕ್ಯದಲ್ಲಿ. ನಾಲ್ಕನೆಯದರಲ್ಲಿ ಏನು ಕೇಳುತ್ತಿದ್ದೀರಿ, ಶಿಷ್ಯವೇತನ ಅಗತ್ಯವೇ ಎಂಬುದು. ಜೊತೆಗೆ ಒಂದು ಪುಟದ ರೆಸ್ಯೂಮೆ ಮತ್ತು ಆ ಎರಡು ಪುಟದ ವರದಿ. ಫೈಲಿಗೆ ನಿಮ್ಮ ಹೆಸರಿಡಿ. "ಫೈನಲ್ ಹೊಸದು 2" ಎಂಬ ಹೆಸರಿನ ಫೈಲ್ ಯಾರದ್ದೆಂದು ಓದುವವರಿಗೆ ಹೇಗೆ ತಿಳಿಯಬೇಕು?

ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ. ಆಮೇಲೂ ಬರದಿದ್ದರೆ ಮುಂದೆ ಹೋಗಿ. ಅವರ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಬರೆಯುವುದು ಎಷ್ಟೋ ಸಲ ಬೇಗ ಫಲ ಕೊಡುತ್ತದೆ. ಫೀಲ್ಡಿನಲ್ಲಿ ಕೈ ಬೇಕಿರುವುದು ಅವರಿಗೇ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಬಗ್ಗೆ ಹೆದರುತ್ತಾರೆ. ಸರಳ ಇಂಗ್ಲಿಷ್‌ನಲ್ಲಿ ಬರೆದು ಒಬ್ಬರಿಂದ ತಿದ್ದಿಸಿಕೊಳ್ಳಿ, ಅಷ್ಟು ಸಾಕು. ನಿಮ್ಮ ಕನ್ನಡವನ್ನು ಮಾತ್ರ ರೆಸ್ಯೂಮೆಯ ಮೂಲೆಗೆ ತಳ್ಳಬೇಡಿ. ದೆಹಲಿ, ಪುಣೆಯಿಂದ ಬಂದ ಸಂಶೋಧಕರಿಗೆ ಕಾಡಂಚಿನ ರೈತರ ಜೊತೆ ಬೆಳೆಹಾನಿ ಬಗ್ಗೆ ಮಾತಾಡಲು, ಅರಣ್ಯ ವಾಚರ್ ಹೇಳಿದ್ದನ್ನು ಸರಿಯಾಗಿ ಬರೆದುಕೊಳ್ಳಲು ನಿಮ್ಮಂಥವರೇ ಬೇಕು. ತುಳು, ಕೊಂಕಣಿ, ಬ್ಯಾರಿ ಬಂದರೆ ಕರಾವಳಿಯಲ್ಲಿ ಇನ್ನೂ ಒಳ್ಳೆಯದು.

5. ಪ್ರಶ್ನೆ ಬೇಸಿಗೆಗೆ ಹೊಂದಬೇಕು

ಏಪ್ರಿಲ್‌ನಲ್ಲಿ ಕಪ್ಪೆ ಅಧ್ಯಯನ ಮಾಡುತ್ತೇನೆಂದು ಬರೆಯುವವರಿದ್ದಾರೆ. ಹೆಚ್ಚಿನ ಕಪ್ಪೆಗಳು ಕೂಗುವುದು ಮಳೆ ಬಿದ್ದ ಮೇಲೆ. ಚಳಿಗಾಲದ ವಲಸೆ ಹಕ್ಕಿಗಳು ಅಷ್ಟೊತ್ತಿಗೆ ಹೊರಟಿರುತ್ತವೆ. ಒಣ ಕಾಡಿನಲ್ಲಿ ಚಿಟ್ಟೆ, ಸಗಣಿ ಜೀರುಂಡೆ ಕಡಿಮೆ.

ಬೇಸಿಗೆಯಲ್ಲಿ ಚೆನ್ನಾಗಿ ನಡೆಯುವ ಕೆಲಸಗಳು ಬೇರೆ. ಮರಗಳ ಚಿಗುರು ಮತ್ತು ಹೂ, ನೀರಿನ ಹೊಂಡಕ್ಕೆ ಬರುವ ಪ್ರಾಣಿಗಳ ಕ್ಯಾಮೆರಾ ಚಿತ್ರಗಳ ವಿಂಗಡಣೆ, ಬಂಡೆ ಓತಿಕ್ಯಾತಗಳ ವರ್ತನೆ, ಇರುವೆ, ಕಣಜ, ಊರಿನ ಹಕ್ಕಿಗಳ ಗೂಡು, ಲಂಟಾನದಂಥ ಕಳೆ ಗಿಡಗಳ ಅಳತೆ. ಎರಡು ತಿಂಗಳೆಂದರೆ 60 ದಿನ ಎಂದುಕೊಳ್ಳಬೇಡಿ. ಮೊದಲ ವಾರ ಕಲಿಯಲು, ಕೊನೆಯ ಹತ್ತು ದಿನ ಬರೆಯಲು, ನಡುವೆ ಮುಂಗಾರು ಪೂರ್ವ ಮಳೆ, ಜ್ವರ, ಬಸ್ ತಪ್ಪುವುದು. ನಿಜವಾಗಿ ಕೈಗೆ ಸಿಗುವುದು 30–35 ದಿನ. ಪ್ರಶ್ನೆ ಅಷ್ಟೇ ದೊಡ್ಡದಿರಲಿ.

ಎಷ್ಟೋ ಸಲ ನಿಮಗೆ ಸ್ವಂತ ಪ್ರಶ್ನೆ ಸಿಗುವುದೇ ಇಲ್ಲ. ದೀರ್ಘಕಾಲದ ಪ್ರಾಜೆಕ್ಟಿನಲ್ಲಿ ಮರದ ಸುತ್ತಳತೆ ಅಳೆಯುವ ಕೆಲಸ ಬರಬಹುದು. ಬೇಸರ ಬೇಡ. ಬಂಡೀಪುರದ ಪಕ್ಕದ ಮುದುಮಲೈಯಲ್ಲಿ ಐಐಎಸ್ಸಿಯವರು 1988ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಮಾಡಿ, ಒಂದು ಸೆಂಟಿಮೀಟರ್ ದಪ್ಪದ ಗಿಡವನ್ನೂ ಬಿಡದೆ ಅಳೆದರು. ಅಲ್ಲಿಂದ ಈವರೆಗಿನ ಬೆಂಕಿ, ಬರ, ಆನೆಗಳ ಕಥೆಯೆಲ್ಲ ಆ ಟೇಪಿನ ಅಳತೆಗಳಿಂದಲೇ ತಿಳಿದದ್ದು.

6. ಅನುಮತಿ, ಹಣ, ಮನೆಯವರು

ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯದೊಳಗೆ ಸಂಶೋಧನೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಪದವಿ ವಿದ್ಯಾರ್ಥಿ ತಾನೇ ಅರ್ಜಿ ಹಾಕಿ ರಜೆಯೊಳಗೆ ಪಡೆಯುವುದು ಆಗದ ಮಾತು. ಅನುಮತಿ ಈಗಾಗಲೇ ಇರುವ ಪ್ರಾಜೆಕ್ಟಿಗೆ ಸೇರಿ, ಅದರಲ್ಲಿ ನಿಮ್ಮ ಹೆಸರು ಸೇರಿದೆಯೇ ಎಂದು ಕೇಳಿ. ಹಾವು, ಹಲ್ಲಿ, ಹಕ್ಕಿ ಹಿಡಿಯುವುದು, ಡ್ರೋನ್ ಹಾರಿಸುವುದು ಸ್ವಂತ ನಿರ್ಧಾರದಿಂದ ಬೇಡವೇ ಬೇಡ. ರಸ್ತೆ ಬದಿ, ತೋಟ, ಕಾಲೇಜು ಆವರಣಕ್ಕೆ ಜಾಗದವರನ್ನು ಕೇಳಿದರೆ ಸಾಕು.

ಹಣದ ವಿಷಯ ಮುಜುಗರವಿಲ್ಲದೆ ಕೇಳಿ. ಶಿಷ್ಯವೇತನ ಎಷ್ಟು, ಯಾವಾಗ ಕೈಗೆ ಬರುತ್ತದೆ, ಊಟ ಮತ್ತು ವಸತಿ ಯಾರದು? ಫೆಲೋಶಿಪ್ ಹಣ ತಡವಾಗಿ ಬರುವುದು ಸಾಮಾನ್ಯ, ಮೊದಲ ತಿಂಗಳಿಗೆ ಕೈಯಲ್ಲಿ ಸ್ವಲ್ಪ ಇರಲಿ. ಸಂಬಳವಿಲ್ಲದ ಕೆಲಸ ಒಪ್ಪುವುದು ಬಿಡುವುದು ನಿಮ್ಮಿಷ್ಟ. ಆದರೆ ನಿಮ್ಮಿಂದಲೇ ದೊಡ್ಡ ಶುಲ್ಕ ಪಡೆದು, ಮೂವತ್ತು ಜನರನ್ನು ಕಾಡು ಸುತ್ತಿಸಿ ಸರ್ಟಿಫಿಕೇಟ್ ಕೊಡುವುದು ಪ್ರವಾಸ, ಸಂಶೋಧನೆಯಲ್ಲ. ಮಾರ್ಗದರ್ಶಕರು ಯಾರು, ಕೊನೆಗೆ ಡೇಟಾ ಏನಾಗುತ್ತದೆ ಎಂದು ಎರಡು ಪ್ರಶ್ನೆ ಹಾಕಿ. ಉತ್ತರ ಇಲ್ಲದಿದ್ದರೆ ಬಿಟ್ಟುಬಿಡಿ.

ಹೆಣ್ಣುಮಕ್ಕಳಿಗೆ ಮನೆಯಲ್ಲಿ ಒಪ್ಪಿಸುವುದೇ ದೊಡ್ಡ ಪರೀಕ್ಷೆ ಎಂದು ಗೊತ್ತು. ಫೀಲ್ಡ್ ಸ್ಟೇಷನ್‌ನಲ್ಲಿ ಬೇರೆ ಮಹಿಳೆಯರು ಇದ್ದಾರೆಯೇ, ಶೌಚಾಲಯ ಹೇಗಿದೆ, ರಾತ್ರಿ ಕೆಲಸ ಇದೆಯೇ, ಲೈಂಗಿಕ ಕಿರುಕುಳದ ದೂರಿಗೆ ಸಮಿತಿ ಇದೆಯೇ ಎಂದು ಮೊದಲೇ ಬರೆದು ಕೇಳಿ. ಹಿಂದೆ ಅಲ್ಲಿದ್ದ ವಿದ್ಯಾರ್ಥಿನಿಯೊಬ್ಬರ ಜೊತೆ ಅಮ್ಮನನ್ನು ಫೋನಿನಲ್ಲಿ ಮಾತಾಡಿಸಿದರೆ ಅರ್ಧ ಕೆಲಸ ಆದಂತೆ. ಇಂಥ ಪ್ರಶ್ನೆಗಳಿಗೆ ಸಿಡುಕುವ ಜಾಗಕ್ಕೆ ಗಂಡುಮಕ್ಕಳೂ ಹೋಗಬಾರದು.

7. ಫೀಲ್ಡಿನಲ್ಲಿ

ಪೆನ್ ಬೇಡ, ಪೆನ್ಸಿಲ್ ಇರಲಿ. ನೆನೆದರೂ ಅಳಿಸುವುದಿಲ್ಲ. ಪುಟದ ಮೇಲೆ ದಿನಾಂಕ, ಜಾಗ, ಶುರು ಮಾಡಿದ ಹೊತ್ತು, ಯಾರು ನೋಡಿದರು ಎಂದು ಬರೆದೇ ಮುಂದೆ ಹೋಗಿ. ಸಂಜೆ ಪುಟಗಳ ಫೋಟೋ ತೆಗೆದು ಮೇಲ್ ಮಾಡಿಕೊಳ್ಳಿ. ಅದೇ ದಿನ ಕಂಪ್ಯೂಟರಿಗೆ ಹಾಕಿ, ಒಂದು ವೀಕ್ಷಣೆಗೆ ಒಂದು ಸಾಲು. ಬಣ್ಣ ಹಚ್ಚಿ ಅರ್ಥ ಕೊಡಬೇಡಿ, ಆರ್‌ಗೆ ಬಣ್ಣ ಓದಲು ಬರುವುದಿಲ್ಲ.

ಮಲೆನಾಡಿಗೆ ಹೋಗುವವರು ಮಂಗನ ಕಾಯಿಲೆ ಬಗ್ಗೆ ತಿಳಿದಿರಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗು ಕಚ್ಚುವುದರಿಂದ ಬರುತ್ತದೆ. ಅದರ ಕಾಲ ಚಳಿಗಾಲದಿಂದ ಮಳೆ ಬರುವವರೆಗೆ, ಅಂದರೆ ನಿಮ್ಮ ರಜೆಯೂ ಅದರಲ್ಲೇ. ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಮೈ ನೋಡಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ ಇಲಾಖೆಗೆ ತಿಳಿಸಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಹಾವಿನ ವಿಷಕ್ಕೆ ಔಷಧ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲ ದಿನವೇ ಕೇಳಿ. ನಮ್ಮಲ್ಲಿ ಸಿಗುವ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷಕ್ಕೆ ತಯಾರಾದದ್ದು. ಮಲೆನಾಡಿನ ಕುಳಿಮಂಡಲಗಳು ಅದರಲ್ಲಿ ಸೇರಿಲ್ಲ. ಆನೆ ಇರುವ ಜಾಗದಲ್ಲಿ ಸ್ಥಳೀಯ ಸಹಾಯಕರು "ಇವತ್ತು ಬೇಡ" ಎಂದರೆ ಬೇಡ. ಅಲ್ಲಿ ವಾದ ಮಾಡಬಾರದು.

8. ಕೊನೆಯ ಹತ್ತು ದಿನ ಮತ್ತು ಆಮೇಲೆ

ಡೇಟಾ ಕೂಡಿಸುವುದನ್ನು ಒಂದು ದಿನ ನಿಲ್ಲಿಸಲೇಬೇಕು. ವರದಿಯಲ್ಲಿ ಮೊದಲು ವಿಧಾನ ಬರೆಯಿರಿ, ಅದು ನಿಮಗೆ ಚೆನ್ನಾಗಿ ಗೊತ್ತಿರುವ ಭಾಗ. ಆಮೇಲೆ ಗ್ರಾಫ್‌ಗಳು, ಪೀಠಿಕೆ ಕೊನೆಗೆ. ಅಂತರಜಾಲದಿಂದ ಎತ್ತಿದ ಪ್ಯಾರಾ ಒಂದಿದ್ದರೂ ಮಾರ್ಗದರ್ಶಕರಿಗೆ ಗೊತ್ತಾಗುತ್ತದೆ.

ಹೊರಡುವ ಮುನ್ನ ಡೇಟಾ ಫೈಲ್, ಕೋಡ್, ಫೀಲ್ಡ್ ಪುಸ್ತಕದ ಪ್ರತಿ ಒಪ್ಪಿಸಿ. ಪ್ರತಿ ಕಾಲಂ ಏನೆಂದು ವಿವರಿಸುವ ಒಂದು ಪುಟವೂ ಜೊತೆಗಿರಲಿ. ಕೃತಜ್ಞತೆಯಲ್ಲಿ ಫೀಲ್ಡ್ ಸಹಾಯಕರ ಪೂರ್ತಿ ಹೆಸರು ಹಾಕಿ, "ಸ್ಥಳೀಯರು" ಎಂದಷ್ಟೇ ಬೇಡ. ಶಿಫಾರಸು ಪತ್ರ ಬೇಕಾದರೆ ಒಂದು ತಿಂಗಳೊಳಗೆ ಕೇಳಿ, ನೀವು ಮಾಡಿದ ಕೆಲಸದ ಪಟ್ಟಿ ಜೊತೆಗಿಟ್ಟು.

ಫಲಿತಾಂಶ ಚೆನ್ನಾಗಿದ್ದರೆ ಪೋಸ್ಟರ್ ಮಾಡಿ. ಯುವ ಇಕಾಲಜಿಸ್ಟರೇ ನಡೆಸುವ ಯೇಟಿ ಸಮಾವೇಶ 2009ರಲ್ಲಿ ಶುರುವಾಯಿತು. ಬೆಂಗಳೂರಿನ ಸಂರಕ್ಷಣಾ ವಿಜ್ಞಾನದ ವಿದ್ಯಾರ್ಥಿ ಸಮ್ಮೇಳನ 2010ರಲ್ಲಿ. ಎರಡೂ ಕಡೆ ಹೊಸಬರಿಗೆ ಜಾಗವಿದೆ, ಮುಂದಿನ ಬೇಸಿಗೆಯ ಮಾರ್ಗದರ್ಶಕರು ಅಲ್ಲೇ ಸಿಗಬಹುದು. ಪೋಸ್ಟರಿಗೆ ಹೆಸರು ಕೊಡುವ ಮೊದಲು ಈಗಿನ ಮಾರ್ಗದರ್ಶಕರ ಒಪ್ಪಿಗೆ ಪಡೆಯಿರಿ. ಡೇಟಾ ಅವರ ಪ್ರಾಜೆಕ್ಟಿನದ್ದು. ಲೇಖಕರ ಸಾಲಿನಲ್ಲಿ ಯಾರ ಹೆಸರು ಎಲ್ಲಿ ಬರಬೇಕೆಂಬುದನ್ನೂ ಆಗಲೇ ಕೇಳಿ ಬರೆದಿಟ್ಟುಕೊಳ್ಳಿ.